ಕಾದಂಬರಿಯ ಓದುಗನೂ ಊರಿನ ಗ್ರಂಥಭಂಡಾರವೂ

೧

ಕನ್ನಡ ಕಾದಂಬರಿಯ ಚರಿತ್ರೆಯನ್ನು ಬರೆದವರು ಬಹುಮಟ್ಟಿಗೆ ಕರ್ತೃ ಮತ್ತು ಕೃತಿ ಎಂಬ ಎರಡು ಅಂಶಗಳನ್ನೇ ಆಧಾರವಾಗಿಟ್ಟುಕೊಂಡಿದ್ದಾರೆ. ಇಂತಹ ಕಾದಂಬರಿಯನ್ನು ಇಂತಹವರು ಇಂತಹ ವರ್ಷದಲ್ಲಿ ರಚಿಸಿದರು, ಅದರ ವಸ್ತು ಇಂತಹುದು, ಗುಣದೋಷಗಳು ಇಂತಹವು ಎಂದು ಹೇಳಿ ಅವರು ಮುಂದಕ್ಕೆ ಸಾಗುತ್ತಾರೆ. ಆ ಕಾದಂಬರಿಯನ್ನು ಓದಿದವರು ಯಾರು, ಅದು ಅವರ ಕೈಗೆ ಬಂದ ಬಗೆ ಯಾವುದು, ಕೊಂಡು ಓದಿದರೋ ಎರವಲು ತಂದು ಓದಿದರೋ ಎಂಬ ಪ್ರಶ್ನೆಗಳಿಗೆ ನಮ್ಮ ಸಾಹಿತ್ಯ ಚರಿತ್ರೆಗಳಲ್ಲಿ ಸಿಕ್ಕಿರುವ ಸ್ಥಳ ಅತ್ಯಲ್ಪ. ಓದುಗನಿಲ್ಲದೆ ಕಾದಂಬರಿಯು ಉಳಿಯಲಾರದು. ಕಾದಂಬರಿಯನ್ನು ಕೊಳ್ಳುವ ಶಕ್ತಿಯಿಲ್ಲದ ಓದುಗನಾದರೋ ಗ್ರಂಥಭಂಡಾರವಿಲ್ಲದೆ ಓದುಗನಾಗಿ ಉಳಿಯಲಾರನು.

ಈ ಲೇಖನದಲ್ಲಿ ನಾವು ಪ್ರತಿಪಾದಿಸಲಿರುವ ವಿಷಯ ಒಂದೇ. ಹಿಡಿದರೆ ಬಿಡಲಾಗದಂತೆ ಓದಿಸಿಕೊಂಡು ಹೋಗುವ ಕಾದಂಬರಿಯ ಮೇಲೆ ಸಾಮಾನ್ಯ ಓದುಗನಿಗಿದ್ದ ಮೋಹವನ್ನು ವಿದ್ವಾಂಸರು ಹಗುರವಾಗಿ ಕಂಡಿದ್ದಾರೆ. ಆದರೆ ಕನ್ನಡದಲ್ಲಿ ಓದುವ ಸಮುದಾಯವೊಂದು ರೂಪುಗೊಂಡುದರಲ್ಲಿಯೂ, ಆ ಸಮುದಾಯದಿಂದ ಊರಿನ ಗ್ರಂಥಭಂಡಾರಗಳಿಗೆ ಜೀವ ಬಂದುದರಲ್ಲಿಯೂ ಈ ಮೋಹದ ಪಾತ್ರ ಬಹು ದೊಡ್ಡದು. ಆದುದರಿಂದ ಅದು ಇತಿಹಾಸಕಾರನ ಪರಿಶೀಲನೆಗೆ ಯೋಗ್ಯವಾದ ವಿಷಯವೆಂಬುದು ನಮ್ಮ ಅಭಿಪ್ರಾಯ.

೨

ಕನ್ನಡದ ಓದುಗನಿಗೆ ಕಾದಂಬರಿಯ ರುಚಿಯನ್ನು ಮೊದಲು ಹತ್ತಿಸಿದವರಲ್ಲಿ ಬಿ. ವೆಂಕಟಾಚಾರ್ಯರು (೧೮೪೫–೧೯೧೪) ಅಗ್ರಗಣ್ಯರು. ಮೈಸೂರು ಸಂಸ್ಥಾನದ ನ್ಯಾಯಾಂಗ ಇಲಾಖೆಯಲ್ಲಿ ಸೇವೆಯಲ್ಲಿದ್ದ ಅವರು ಬಂಗಾಳಿಯನ್ನು ಸ್ವಪ್ರಯತ್ನದಿಂದ ಕಲಿತು, ಬಂಕಿಮಚಂದ್ರರ ಕಾದಂಬರಿಗಳನ್ನು ಒಂದರ ಮೇಲೊಂದರಂತೆ ಕನ್ನಡಕ್ಕೆ ತಂದರು. 'ದುರ್ಗೇಶನಂದಿನಿ'ಯು ೧೮೮೫ರಲ್ಲಿ ಕನ್ನಡಕ್ಕೆ ಬಂದಿತು. ಕೋಟೆ, ಮುತ್ತಿಗೆ, ಸೆರೆ, ವೇಷಾಂತರ, ವಿರಹ, ಪುನರ್ಮಿಲನ ಮುಂತಾದ ಸನ್ನಿವೇಶಗಳಿಂದ ತುಂಬಿದ ಈ ಕಥೆಗಳು ಪುರಾಣಶ್ರವಣಕ್ಕೆ ಒಗ್ಗಿದ್ದ ಜನರನ್ನು ಏಕಾಂತದ ಓದಿಗೆ ಎಳೆದವು. ಪುರಾಣದ ಕಥೆ ಎಲ್ಲರಿಗೂ ಮೊದಲೇ ತಿಳಿದಿರುತ್ತಿತ್ತು. ಇಲ್ಲಿಯಾದರೋ ಮುಂದೇನಾಗುವುದೆಂದು ತಿಳಿಯದು. ಈ ಕುತೂಹಲವೇ ಕಾದಂಬರಿಯ ಹೊಸತನವಾಗಿದ್ದಿತು.

ಉತ್ತರದ ಭಾಗದಲ್ಲಿ ಈ ಕೆಲಸವನ್ನು ಮಾಡಿದವರು ಗಳಗನಾಥರು (೧೮೬೯–೧೯೪೨). ವೃತ್ತಿಯಿಂದ ಶಾಲಾ ಉಪಾಧ್ಯಾಯರಾಗಿದ್ದ ವೆಂಕಟೇಶ ತಿರಕೋ ಕುಲಕರ್ಣಿಯವರು ಈ ಹೆಸರಿನಿಂದ ಪ್ರಸಿದ್ಧರಾದರು. ಮುಂಬಯಿ ಕರ್ನಾಟಕದಲ್ಲಿ ಮರಾಠಿಯೇ ವಿದ್ಯಾವಂತರ ಭಾಷೆಯೆಂಬ ಭಾವನೆ ಬಲವಾಗಿದ್ದ ಕಾಲದಲ್ಲಿ, ಧಾರವಾಡದಲ್ಲಿ ೧೮೯೦ರಲ್ಲಿ ಕರ್ನಾಟಕ ವಿದ್ಯಾವರ್ಧಕ ಸಂಘವು ಸ್ಥಾಪಿತವಾಗಿ ಕನ್ನಡ ಗ್ರಂಥರಚನೆಗೆ ಪ್ರೋತ್ಸಾಹ ಕೊಡತೊಡಗಿತು. ಗಳಗನಾಥರು 'ಸದ್ಬೋಧ ಚಂದ್ರಿಕೆ' ಎಂಬ ಮಾಸಪತ್ರಿಕೆಯ ಮೂಲಕ ಐತಿಹಾಸಿಕ ಕಾದಂಬರಿಗಳನ್ನು ಮನೆಮನೆಗೆ ಮುಟ್ಟಿಸಿದರು. ಹರಿ ನಾರಾಯಣ ಆಪಟೆಯವರ ಮರಾಠಿ ಕಾದಂಬರಿಯನ್ನು ಆಧರಿಸಿದ 'ಕನ್ನಡಿಗರ ಕರ್ಮಕಥೆ' ವಿಜಯನಗರದ ಪತನವನ್ನೂ, 'ಮಾಧವ ಕರುಣಾವಿಲಾಸ' ಅದರ ಸ್ಥಾಪನೆಯನ್ನೂ ಕಥೆಯಾಗಿ ಹೇಳಿದವು. ಗಳಗನಾಥರು ತಮ್ಮ ಪುಸ್ತಕಗಳನ್ನು ತಾವೇ ಹೊತ್ತು ಊರೂರು ತಿರುಗಿ ಮಾರಿದರೆಂಬುದನ್ನು ಕನ್ನಡ ನಾಡು ಇಂದಿಗೂ ಗೌರವದಿಂದ ಸ್ಮರಿಸುತ್ತದೆ.

ಈ ಸ್ಮರಣೆಯಲ್ಲಿ ಅಡಗಿರುವ ಐತಿಹಾಸಿಕ ಸಂಗತಿಯನ್ನು ನಾವು ಗಮನಿಸಬೇಕು. ಲೇಖಕನೇ ಪುಸ್ತಕವನ್ನು ಹೊತ್ತು ತಿರುಗಬೇಕಾದರೆ, ಊರಿನಲ್ಲಿ ಪುಸ್ತಕದ ಅಂಗಡಿಯಿಲ್ಲ. ಪುಸ್ತಕವನ್ನು ಸಂಗ್ರಹಿಸಿ ಹತ್ತು ಜನರಿಗೆ ಹಂಚುವ ಸಂಸ್ಥೆಯೂ ಇಲ್ಲವೆಂದೇ ಅರ್ಥ. ಓದುವ ಆಸೆ ಹುಟ್ಟಿದ್ದಿತು. ಅದನ್ನು ಪೂರೈಸುವ ಏರ್ಪಾಡು ಇನ್ನೂ ಹುಟ್ಟಿರಲಿಲ್ಲ.

೩

ಆ ಏರ್ಪಾಡು ನಮ್ಮ ನಾಡಿನಲ್ಲಿ ಎರಡು ಮೂಲಗಳಿಂದ ಬಂದಿತು. ಒಂದು ರಾಜ್ಯಾಡಳಿತ, ಇನ್ನೊಂದು ಜನರ ಸ್ವಂತ ಪ್ರಯತ್ನ.

ಭಾರತದಲ್ಲಿ ಗ್ರಂಥಾಲಯ ವ್ಯವಸ್ಥೆಗೆ ಮೇಲ್ಪಂಕ್ತಿಯನ್ನು ಹಾಕಿಕೊಟ್ಟ ಸಂಸ್ಥಾನ ಬರೋಡೆ. ಅಲ್ಲಿನ ಸಯಾಜಿರಾವ್ ಮಹಾರಾಜರು ಅಮೆರಿಕದಿಂದ ಬೋರ್ಡನ್ ಎಂಬ ತಜ್ಞರನ್ನು ೧೯೧೦ರಲ್ಲಿ ಕರೆಸಿಕೊಂಡು, ಹಳ್ಳಿಯವರೆಗೂ ಮುಟ್ಟುವ ಗ್ರಂಥಾಲಯಗಳ ಜಾಲವನ್ನು ಹೆಣೆಸಿದರು. ಪೆಟ್ಟಿಗೆಗಳಲ್ಲಿ ಪುಸ್ತಕಗಳನ್ನು ತುಂಬಿ ಹಳ್ಳಿಯಿಂದ ಹಳ್ಳಿಗೆ ಕಳುಹಿಸುವ ಸಂಚಾರಿ ಗ್ರಂಥಾಲಯವೂ ಅದರಲ್ಲಿ ಸೇರಿದ್ದಿತು. ಮೈಸೂರು ಸಂಸ್ಥಾನದಲ್ಲಿ ಎಂ. ವಿಶ್ವೇಶ್ವರಯ್ಯನವರು ದಿವಾನರಾಗಿದ್ದ ಕಾಲದಲ್ಲಿ (೧೯೧೨–೧೮) ಬೆಂಗಳೂರು ಮತ್ತು ಮೈಸೂರು ನಗರಗಳಿಗೆ ಸಾರ್ವಜನಿಕ ಗ್ರಂಥಾಲಯಗಳು ದೊರೆತವು. ಕಬ್ಬನ್ ಉದ್ಯಾನದಲ್ಲಿ ೧೯೧೫ರಲ್ಲಿ ಸಿದ್ಧವಾದ ಶೇಷಾದ್ರಿ ಅಯ್ಯರ್ ಸ್ಮಾರಕ ಭವನದ ಕೆಂಪು ಕಟ್ಟಡವು ಇಂದಿಗೂ ಗ್ರಂಥಾಲಯವಾಗಿಯೇ ಉಳಿದಿದೆ.

ಜನರ ಸ್ವಂತ ಪ್ರಯತ್ನಕ್ಕೆ ರಾಷ್ಟ್ರೀಯ ಚಳವಳಿಯು ಹುರುಪನ್ನು ತಂದಿತು. ಬೆಳಗಾವಿಯಲ್ಲಿ ೧೯೨೪ರಲ್ಲಿ ಗಾಂಧೀಜಿಯವರ ಅಧ್ಯಕ್ಷತೆಯಲ್ಲಿ ಕಾಂಗ್ರೆಸ್ ಅಧಿವೇಶನ ಸೇರಿದಾಗ, ಅಲ್ಲಿಯೇ ಅಖಿಲ ಭಾರತ ಸಾರ್ವಜನಿಕ ಗ್ರಂಥಾಲಯ ಸಮ್ಮೇಳನವೂ ದೇಶಬಂಧು ಚಿತ್ತರಂಜನ ದಾಸರ ಅಧ್ಯಕ್ಷತೆಯಲ್ಲಿ ನಡೆಯಿತು. ಸ್ವರಾಜ್ಯದ ಮಾತು ಮತ್ತು ಪುಸ್ತಕದ ಮಾತು ಒಂದೇ ಊರಿನಲ್ಲಿ, ಒಂದೇ ಸಮಯದಲ್ಲಿ ನಡೆದುದು ಆಕಸ್ಮಿಕವಲ್ಲ. ಊರಿನ ಛತ್ರದ ಒಂದು ಕೋಣೆಯಲ್ಲಿಯೋ ದೇವಸ್ಥಾನದ ಜಗಲಿಯಲ್ಲಿಯೋ ತರುಣರು ಕೂಡಿ ವಾಚನಾಲಯ ತೆರೆಯುವುದು ಆ ಕಾಲದ ದೇಶಸೇವೆಯ ಒಂದು ರೂಪವಾಗಿದ್ದಿತು. ಪತ್ರಿಕೆಗಾಗಿ ಬಂದವನು ಕಪಾಟಿನ ಕಾದಂಬರಿಯನ್ನು ಕಂಡನು. ಸುದ್ದಿಯನ್ನು ಅಲ್ಲಿಯೇ ಓದಿ ಮುಗಿಸಿ ಕಾದಂಬರಿಯನ್ನು ಮನೆಗೆ ಒಯ್ದನು.

ಮನೆಗೆ ಒಯ್ದನೆಂಬ ಈ ಮಾತು ಮುಖ್ಯವಾದುದು. ವಾಚನಾಲಯದ ಬೆಂಚಿನ ಮೇಲೆ ಕುಳಿತು ಓದುತ್ತಿದ್ದವರು ಗಂಡಸರು. ಎರವಲು ಪುಸ್ತಕವು ಹೊಸ್ತಿಲನ್ನು ದಾಟಿದ ಮೇಲೆ ಅದರ ನಿಜವಾದ ಓದುಗರು ಅನೇಕ ವೇಳೆ ಮನೆಯ ಹೆಂಗಸರಾಗಿದ್ದರು. ತಮ್ಮನ ಹೆಸರಿನಲ್ಲಿ ಅಕ್ಕನೂ, ಮಗನ ಹೆಸರಿನಲ್ಲಿ ತಾಯಿಯೂ ಓದಿದ ಪುಸ್ತಕಗಳು ಅಸಂಖ್ಯ. ವಹಿಯಲ್ಲಿ ಹೆಸರಿರುವವನೇ ಓದುಗನೆಂದು ಇತಿಹಾಸಕಾರನು ನಂಬಿದರೆ ಅರ್ಧ ಓದುಗರನ್ನು ಕಳೆದುಕೊಳ್ಳುವನು. ಮೈಸೂರಿನ ತ್ರಿವೇಣಿಯವರು (೧೯೨೮–೧೯೬೩) 'ಅಪಸ್ವರ'ದಿಂದ ತೊಡಗಿ ಹತ್ತೇ ವರ್ಷಗಳಲ್ಲಿ ಇಪ್ಪತ್ತರಷ್ಟು ಕಾದಂಬರಿಗಳನ್ನು ಬರೆದು ಮನೆಮಾತಾದರೆಂದರೆ, ಅವರಿಗಾಗಿ ಕಾದಿದ್ದ ಸ್ತ್ರೀ ಓದುಗರ ಸಮುದಾಯವು ಅದಕ್ಕೂ ಮೊದಲೇ ಸದ್ದಿಲ್ಲದೆ ಬೆಳೆದು ನಿಂತಿತ್ತೆಂದು ತಿಳಿಯಬೇಕು.

೪

ಸ್ವಾತಂತ್ರ್ಯಾನಂತರದ ಎರಡು ದಶಕಗಳಲ್ಲಿ ಕಾದಂಬರಿಯ ಓದು ಹಿಂದೆಂದೂ ಕಾಣದಷ್ಟು ವಿಸ್ತಾರವನ್ನು ಪಡೆಯಿತು. ಅ. ನ. ಕೃಷ್ಣರಾಯರು, ತ. ರಾ. ಸುಬ್ಬರಾಯರು ಮುಂತಾದವರ ಕಾದಂಬರಿಗಳು ಸುಲಭ ಬೆಲೆಯಲ್ಲಿ ಹೊರಬಂದವು. ಇವರ ಜೊತೆಗೆ, ಸಾಹಿತ್ಯ ಚರಿತ್ರೆಗಳು ಹೆಸರಿಸಲೂ ಹಿಂಜರಿಯುವ ಇನ್ನೊಂದು ವರ್ಗವಿದ್ದಿತು: ಪತ್ತೇದಾರಿ ಕಾದಂಬರಿಕಾರರ ವರ್ಗ. ಹೆಚ್ಚಿನ ಶಾಲಾ ಶಿಕ್ಷಣವಿಲ್ಲದ ಎನ್. ನರಸಿಂಹಯ್ಯನವರು ಪತ್ತೇದಾರ ಪುರುಷೋತ್ತಮನೆಂಬ ಪಾತ್ರವನ್ನು ಸೃಷ್ಟಿಸಿ, ಐನೂರರಷ್ಟು ಕಾದಂಬರಿಗಳನ್ನು ಬರೆದರು. ಕನ್ನಡ ಚಳವಳಿಯ ನಾಯಕರಾಗಿದ್ದು ೧೯೬೭ರಲ್ಲಿ ನಿಧನರಾದ ಮ. ರಾಮಮೂರ್ತಿಯವರೂ ಜನಪ್ರಿಯ ಪತ್ತೇದಾರಿ ಕಾದಂಬರಿಕಾರರೇ ಆಗಿದ್ದರು. ಅನ್ಯಭಾಷೆಗಳ ಪ್ರಾಬಲ್ಯವಿದ್ದ ಬೆಂಗಳೂರಿನಲ್ಲಿ ಕನ್ನಡದ ಹಕ್ಕಿಗಾಗಿ ಹೋರಾಡಿದವರೂ, ಕನ್ನಡವನ್ನು ಆಸೆಯಿಂದ ಓದುವಂತೆ ಮಾಡಿದವರೂ ಒಬ್ಬರೇ ಆಗಿದ್ದರೆಂಬುದು ಚಿಂತನೀಯ.

ಈ ಪುಸ್ತಕಗಳ ಪ್ರಸಾರ ನಡೆದುದು ಬಹುಪಾಲು ಬೀದಿಯ ಬಾಡಿಗೆ ಲೈಬ್ರರಿಗಳಿಂದ. ಒಂದು ಮಳಿಗೆ, ಗೋಡೆಯುದ್ದಕ್ಕೂ ಹಲಗೆ, ಕಂದು ಕಾಗದದ ಹೊದಿಕೆ ಹಾಕಿ ದಾರದಿಂದ ಹೊಲಿದ ಪುಸ್ತಕಗಳು, ಒಂದು ವಹಿ. ಇಷ್ಟೇ ಅವುಗಳ ಬಂಡವಾಳ. ಸ್ವಲ್ಪ ಠೇವಣಿ ಇಟ್ಟವರಿಗೆ ದಿನಕ್ಕೆ ಕೆಲವು ಪೈಸೆಗಳ ಬಾಡಿಗೆಯಂತೆ ಪುಸ್ತಕ ಸಿಗುತ್ತಿದ್ದಿತು. ಬಾಡಿಗೆ ದಿನದ ಲೆಕ್ಕದಲ್ಲಿದ್ದುದರಿಂದ ಓದುಗನು ರಾತ್ರಿಯೊಳಗೆ ಮುಗಿಸಿ ಬೆಳಗ್ಗೆ ಹಿಂದಿರುಗಿಸಬೇಕೆಂದು ಆತುರಪಡುತ್ತಿದ್ದನು. ಒಂದೇ ರಾತ್ರಿಯಲ್ಲಿ ಮುಗಿಯುವಂತಹ, ನಡುವೆ ಕೆಳಗಿಡಲಾಗದಂತಹ ಕಾದಂಬರಿಯೇ ಇಂತಹ ಓದಿಗೆ ಹೊಂದುತ್ತಿದ್ದಿತು. ಇಂಗ್ಲೆಂಡಿನಲ್ಲಿ ೧೮೪೨ರಿಂದ ಪುಸ್ತಕಗಳನ್ನು ಎರವಲು ಕೊಡತೊಡಗಿದ ಮ್ಯೂಡಿಯ ಗ್ರಂಥಭಂಡಾರಕ್ಕೂ ಮೂರು ಸಂಪುಟಗಳ ಕಾದಂಬರಿಗೂ ಇದ್ದ ಸಂಬಂಧವನ್ನು ಅಲ್ಲಿಯ ವಿದ್ವಾಂಸರು ವಿಸ್ತಾರವಾಗಿ ಚರ್ಚಿಸಿದ್ದಾರೆ. ಒಂದು ಚಂದಾಕ್ಕೆ ಒಮ್ಮೆಗೆ ಒಂದೇ ಸಂಪುಟವನ್ನು ಕೊಡುತ್ತಿದ್ದ ಆ ಸಂಸ್ಥೆಗೆ ಉದ್ದನೆಯ ಕಾದಂಬರಿ ಲಾಭಕರವಾಗಿದ್ದಿತು. ನಮ್ಮ ದಿನಬಾಡಿಗೆಗೆ ಚಿಕ್ಕ ಕಾದಂಬರಿ ಅನುಕೂಲವಾಗಿದ್ದಿತು. ಎರಡು ಕಡೆಗಳಲ್ಲಿಯೂ ಎರವಲಿನ ನಿಯಮಕ್ಕೂ ಕಥೆಯ ಅಳತೆಗೂ ಸಂಬಂಧವಿದ್ದುದು ಸ್ಪಷ್ಟ.

ಈ ಓದನ್ನು ಹಿರಿಯರು ಆಕ್ಷೇಪಿಸಿದರು. ಕಾದಂಬರಿಯ ಹುಚ್ಚಿನಿಂದ ವಿದ್ಯಾರ್ಥಿಗಳು ಕೆಡುತ್ತಾರೆಂಬುದು ಮನೆಗಳಲ್ಲಿಯೂ ಶಾಲೆಗಳಲ್ಲಿಯೂ ಕೇಳಿಬರುತ್ತಿದ್ದ ಮಾತು. ಇದು ನಮ್ಮಲ್ಲಿ ಮಾತ್ರ ಎದ್ದ ಆಕ್ಷೇಪವಲ್ಲ. ಬ್ರಿಟನ್ನಿನಲ್ಲಿ ೧೮೫೦ರ ಶಾಸನದಿಂದ ಸಾರ್ವಜನಿಕ ಗ್ರಂಥಾಲಯಗಳು ಹುಟ್ಟಿದ ಮೇಲೆ, ಜನರ ತೆರಿಗೆಯ ಹಣದಿಂದ ಜನರಿಗೆ ಕಾದಂಬರಿಯನ್ನು ಓದಿಸಬಹುದೇ ಎಂಬ ವಾದವು ಆ ಶತಮಾನದ ಕೊನೆಯವರೆಗೂ ನಡೆಯಿತು. ಈ ವಾದಕ್ಕೆ ನಮ್ಮ ದೇಶದಿಂದ ದೊರೆತ ಉತ್ತರವನ್ನು ಎಸ್. ಆರ್. ರಂಗನಾಥನ್ ಅವರ (೧೮೯೨–೧೯೭೨) ಗ್ರಂಥಾಲಯಶಾಸ್ತ್ರದಲ್ಲಿ ಕಾಣಬಹುದು. ಅವರು ೧೯೩೧ರಲ್ಲಿ ಪ್ರಕಟಿಸಿದ ಪಂಚಸೂತ್ರಗಳ ಪ್ರಕಾರ ಪುಸ್ತಕವಿರುವುದು ಉಪಯೋಗಕ್ಕಾಗಿ. ಪ್ರತಿಯೊಬ್ಬ ಓದುಗನಿಗೂ ಅವನ ಪುಸ್ತಕ ದೊರೆಯಬೇಕು, ಪ್ರತಿಯೊಂದು ಪುಸ್ತಕಕ್ಕೂ ಅದರ ಓದುಗನು ದೊರೆಯಬೇಕು. ಓದುಗನಲ್ಲಿ ಮೇಲು ಕೀಳುಗಳನ್ನು ಈ ಸೂತ್ರಗಳು ಎಣಿಸುವುದಿಲ್ಲ. ಜೀವನದ ಉತ್ತರಾರ್ಧದಲ್ಲಿ ಬೆಂಗಳೂರಿನಲ್ಲಿ ನೆಲೆಸಿದ ರಂಗನಾಥನ್ ಅವರು ೧೯೬೨ರಲ್ಲಿ ಅಲ್ಲಿಯೇ ದಾಖಲೆ ಸಂಶೋಧನ ಮತ್ತು ತರಬೇತಿ ಕೇಂದ್ರವನ್ನು ಸ್ಥಾಪಿಸಿದರು.

೫

ಸ್ವತಂತ್ರ ಭಾರತದ ಮೊದಲ ಗ್ರಂಥಾಲಯ ಶಾಸನ ಮದರಾಸಿನದು (೧೯೪೮). ಆಗ ಮದರಾಸು ಪ್ರಾಂತಕ್ಕೆ ಸೇರಿದ್ದ ದಕ್ಷಿಣ ಕನ್ನಡ ಮತ್ತು ಬಳ್ಳಾರಿ ಜಿಲ್ಲೆಗಳು ಹೀಗೆ ಕನ್ನಡ ನಾಡಿನ ಇತರ ಭಾಗಗಳಿಗಿಂತ ಮೊದಲೇ ಇಂತಹ ಶಾಸನದ ವ್ಯಾಪ್ತಿಗೆ ಬಂದವು. ಏಕೀಕರಣದ ತರುವಾಯ ೧೯೬೫ರಲ್ಲಿ ಮೈಸೂರು ಸಾರ್ವಜನಿಕ ಗ್ರಂಥಾಲಯಗಳ ಶಾಸನವು ಅಂಗೀಕೃತವಾಗಿ, ೧೯೬೬ರ ಏಪ್ರಿಲ್‌ನಲ್ಲಿ ಜಾರಿಗೆ ಬಂದಿತು. ನಗರಗಳಿಗೂ ಜಿಲ್ಲೆಗಳಿಗೂ ಗ್ರಂಥಾಲಯ ಪ್ರಾಧಿಕಾರಗಳು ಏರ್ಪಟ್ಟವು. ಕಟ್ಟಡ ಮತ್ತು ನಿವೇಶನಗಳ ತೆರಿಗೆಯೊಡನೆ ಗ್ರಂಥಾಲಯ ಕರವೂ ಸೇರಿತು. ಇದರ ಅರ್ಥ ದೊಡ್ಡದು. ಅದುವರೆಗೆ ಊರಿನ ಗ್ರಂಥಭಂಡಾರವು ದಾನಿಗಳ ಔದಾರ್ಯದಿಂದಲೋ ಚಂದಾದಾರರ ಉತ್ಸಾಹದಿಂದಲೋ ನಡೆಯುತ್ತಿದ್ದಿತು. ಇನ್ನು ಮುಂದೆ ಮನೆಗಂದಾಯ ಕಟ್ಟುವ ಪ್ರತಿಯೊಬ್ಬನೂ ಅದರ ಪೋಷಕನಾದನು. ಕಾದಂಬರಿಯನ್ನು ಕೇಳಲು ಬಂದವನು ಉಪಕಾರವನ್ನು ಬೇಡುವವನಾಗಿರದೆ ತನ್ನ ಹಕ್ಕನ್ನು ಕೇಳುವವನಾದನು.

ರೋಚಕ ಕಾದಂಬರಿಯಿಂದ ತೊಡಗಿದ ಓದುಗನು ಮುಂದೆ ಉತ್ತಮ ಸಾಹಿತ್ಯಕ್ಕೆ ಏರುತ್ತಾನೆಯೇ? ಎಲ್ಲರೂ ಏರಿದರೆಂದು ಹೇಳುವುದು ಅತಿಶಯೋಕ್ತಿಯಾದೀತು. ಅನೇಕರು ಅಲ್ಲಿಯೇ ನಿಂತರು. ನಿಂತುದರಿಂದ ಅವರಿಗಾದ ನಷ್ಟವೂ ದೊಡ್ಡದೇನಲ್ಲ. ಆದರೆ ಏರುವವನಿಗೆ ಮೆಟ್ಟಿಲು ಅದೇ ಆಗಿದ್ದಿತು. ತ. ರಾ. ಸು. ಅವರ 'ದುರ್ಗಾಸ್ತಮಾನ'ವನ್ನು (೧೯೮೨) ರಾತ್ರಿಯೆಲ್ಲ ಎದ್ದು ಓದಿದವನು ಚಿತ್ರದುರ್ಗದ ಇತಿಹಾಸವನ್ನೂ ಓದಿದಂತಾಯಿತು. ಪೂರ್ಣಚಂದ್ರ ತೇಜಸ್ವಿಯವರ 'ಚಿದಂಬರ ರಹಸ್ಯ'ವು (೧೯೮೫) ಪತ್ತೇದಾರಿ ಕಥೆಯ ಕುತೂಹಲವನ್ನೇ ಬಳಸಿಕೊಂಡು ಸಮಾಜದ ಕೊಳೆಯನ್ನು ಬಗೆದು ತೋರಿಸಿತು. ಗಂಭೀರ ಮತ್ತು ರೋಚಕ ಎಂಬ ಎರಡು ಕಪಾಟುಗಳನ್ನು ವಿಮರ್ಶಕರು ಮಾಡಿರಬಹುದು. ಊರಿನ ಗ್ರಂಥಪಾಲನ ಬಳಿ ಇದ್ದುದು ಒಂದೇ ಕಪಾಟು.

೬

ಈ ವಿಷಯದ ಸಂಶೋಧನೆಗೆ ಆಧಾರಗಳು ಎಲ್ಲಿವೆ? ೧೮೬೭ರ ಮುದ್ರಣ ಮತ್ತು ಪುಸ್ತಕ ನೋಂದಣಿ ಶಾಸನದ ಮೇರೆಗೆ ತಯಾರಾದ ಪಟ್ಟಿಗಳು ಏನು ಅಚ್ಚಾಯಿತೆಂಬುದನ್ನು ಹೇಳುತ್ತವೆ. ಏನನ್ನು ಓದಿದರೆಂಬುದನ್ನು ಹೇಳಬಲ್ಲ ಆಧಾರಗಳು ಬೇರೆ: ಎರವಲಿನ ವಹಿ, ಪುಸ್ತಕದ ಕೊನೆಗೆ ಅಂಟಿಸಿದ ದಿನಾಂಕದ ಚೀಟಿ, ವಾಚನಾಲಯ ಸಂಘದ ನಡವಳಿಕೆಯ ಪುಸ್ತಕ, ಬಾಡಿಗೆ ಲೈಬ್ರರಿಯ ರಬ್ಬರ್ ಮುದ್ರೆ. ಓದುಗರು ಅಂಚಿನಲ್ಲಿ ಗೀಚಿದ ಬರಹವೂ ಆಧಾರವೇ. ಕೊಲೆಗಾರನ ಹೆಸರನ್ನು ಮೊದಲ ಪುಟದಲ್ಲಿಯೇ ಬರೆದಿಟ್ಟ ಕಿಡಿಗೇಡಿಯೂ, ಅವನನ್ನು ಬೈದು ಕೆಳಗೆ ಬರೆದ ಇನ್ನೊಬ್ಬ ಓದುಗನೂ ಒಂದು ಸಮುದಾಯದ ಸದಸ್ಯರೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷ್ಯ ಬೇಕಿಲ್ಲ. ಹತ್ತಿಪ್ಪತ್ತು ಮುದ್ರೆಗಳು ಒತ್ತೊತ್ತಾಗಿ ಬಿದ್ದ ದಿನಾಂಕದ ಚೀಟಿಯು, ಶಾಸನದ ಕಲ್ಲಿನಷ್ಟು ಗಟ್ಟಿಯಲ್ಲದಿದ್ದರೂ, ಅದರಷ್ಟೇ ಸತ್ಯವನ್ನು ನುಡಿಯುತ್ತದೆ.

ಆದರೆ ಈ ಆಧಾರಗಳು ದಿನೇದಿನೇ ನಾಶವಾಗುತ್ತಿವೆ. ಬಾಡಿಗೆ ಲೈಬ್ರರಿಗಳು ದೂರದರ್ಶನದ ಕಾಲದಲ್ಲಿಯೇ ಇಳಿಮುಖವಾದವು; ಅವುಗಳ ವಹಿಗಳು ರದ್ದಿಗೆ ಹೋದವು. ಹಳೆಯ ಕಾದಂಬರಿಗಳು ಹರಿದವೆಂಬ ಕಾರಣಕ್ಕೆ ಗ್ರಂಥಾಲಯದ ಪಟ್ಟಿಯಿಂದ ತೆಗೆಯಲ್ಪಡುತ್ತವೆ. ಹೆಚ್ಚು ಜನ ಓದಿದ ಪುಸ್ತಕವೇ ಹೆಚ್ಚು ಹರಿಯುವುದರಿಂದ, ಜನಪ್ರಿಯವಾದುದೇ ಮೊದಲು ಮಾಯವಾಗುತ್ತದೆ. ಮುಂದಿನ ಇತಿಹಾಸಕಾರನಿಗೆ ಯಾರೂ ಮುಟ್ಟದ ಪುಸ್ತಕಗಳು ಮಾತ್ರ ಅಚ್ಚುಕಟ್ಟಾಗಿ ದೊರೆತು, ಅವುಗಳನ್ನೇ ಆ ಕಾಲದ ಓದೆಂದು ಅವನು ತಿಳಿಯುವ ಅಪಾಯವುಂಟು.

ಆದುದರಿಂದ ಕಾಲೇಜುಗಳ ಇತಿಹಾಸ ವಿಭಾಗಗಳು ತಮ್ಮ ತಾಲ್ಲೂಕಿನ ಒಂದೊಂದು ಹಳೆಯ ವಾಚನಾಲಯವನ್ನು ಆರಿಸಿಕೊಂಡು, ಅಲ್ಲಿ ಉಳಿದಿರುವ ವಹಿಗಳನ್ನೂ ಚೀಟಿಗಳನ್ನೂ ಪ್ರತಿಮಾಡಿಸಿಡಬೇಕೆಂದೂ, ವಿದ್ಯಾರ್ಥಿಗಳು ಹಿರಿಯ ಓದುಗರನ್ನು, ವಿಶೇಷವಾಗಿ ವಹಿಯಲ್ಲಿ ಹೆಸರಿಲ್ಲದ ಹಿರಿಯ ಸ್ತ್ರೀಯರನ್ನು ಕಂಡು ಅವರ ಓದಿನ ನೆನಪುಗಳನ್ನು ಬರೆದುಕೊಳ್ಳಬೇಕೆಂದೂ ನಾವು ಸೂಚಿಸುತ್ತೇವೆ. ಇದಕ್ಕೆ ಹೆಚ್ಚಿನ ಹಣ ಬೇಕಿಲ್ಲ. ಬೇಕಾದುದು ಸಮಯ ಮತ್ತು ಶ್ರದ್ಧೆ. ಅರಸರ ದಾನಗಳನ್ನು ನಾವು ಕಲ್ಲಿನಿಂದ ಓದಿ ತಿಳಿದಿದ್ದೇವೆ. ಸಾಮಾನ್ಯರ ಓದನ್ನು ತಿಳಿಯಬೇಕಾದರೆ ಈ ಕಾಗದಗಳು ಮಣ್ಣಾಗುವುದಕ್ಕೆ ಮುಂಚೆ ಅವುಗಳ ಬಳಿಗೆ ಹೋಗಬೇಕು.