ಹೊನ್ನಾವರದಲ್ಲಿ ಹನ್ನೊಂದು ತಿಂಗಳು ಅನ್ನ ಉಂಡ ಪ್ರವಾಸಿ

ಮಾಲ್ಡೀವ್ಸ್ ಅಂದರೆ ಈಗ ನಮ್ಮ ಕಣ್ಣ ಮುಂದೆ ಬರುವುದು ಮದುವೆಯಾದ ಹೊಸತರಲ್ಲಿ ಗೆಳೆಯರು ಹಾಕುವ ಫೋಟೊಗಳು. ನೀಲಿ ನೀರು, ಬಿಳಿ ಮರಳು, ನೀರಿನ ಮೇಲೆ ಕಂಬ ನೆಟ್ಟು ಕಟ್ಟಿದ ಮರದ ಮನೆ. ವಿಮಾನದಲ್ಲಿ ಹೋಗಿ ನಾಲ್ಕು ದಿನ ಇದ್ದು ಬರುವ ಊರು ಅದು. ಆದರೆ ಆ ದ್ವೀಪಗಳ ಜನಜೀವನವನ್ನು ವಿವರವಾಗಿ ಬರೆದಿಟ್ಟ ಹಳಬರಲ್ಲಿ ಮುಖ್ಯನಾದವನೊಬ್ಬ ಅಲ್ಲಿಗೆ ಹೋಗುವ ಮುಂಚೆ ನಮ್ಮ ಹೊನ್ನಾವರದಲ್ಲಿ ತಿಂಗಳುಗಟ್ಟಲೆ ಉಳಿದಿದ್ದ. ಇಲ್ಲಿಯ ಉಪ್ಪಿನಕಾಯಿಯ ರುಚಿಯನ್ನೂ ಶಾಲೆಗಳ ಲೆಕ್ಕವನ್ನೂ ಬರೆದ. ಕೊನೆಗೆ ಇದೇ ಕಡಲಿನಲ್ಲಿ ಚಲ್ಲಣವೊಂದನ್ನು ಬಿಟ್ಟು ಉಳಿದೆಲ್ಲವನ್ನೂ ಕಳೆದುಕೊಂಡ.

ಅವನ ಹೆಸರು ಇಬ್ನ್ ಬತೂತ. ಮೊರಾಕ್ಕೊದ ಟ್ಯಾಂಜಿಯರ್‌ನಲ್ಲಿ 1304ರಲ್ಲಿ ಹುಟ್ಟಿದವನು, 1325ರಲ್ಲಿ ಮೆಕ್ಕಾ ಯಾತ್ರೆಗೆಂದು ಮನೆ ಬಿಟ್ಟವನು. ಸುತ್ತುತ್ತ ದೆಹಲಿಗೆ ಬಂದು ಮುಹಮ್ಮದ್ ಬಿನ್ ತುಘಲಕ್‌ನ ಬಳಿ ಕಾಜಿಯಾದ. 1342ರ ಸುಮಾರಿಗೆ ಸುಲ್ತಾನ ಅವನನ್ನು ರಾಯಭಾರಿಯಾಗಿ ಚೀನಾಕ್ಕೆ ಕಳಿಸಿದ. ಗುಜರಾತಿನಲ್ಲಿ ಹಡಗು ಹತ್ತಿ, ಗೋವೆಯನ್ನು ಹಾದು, ಅವನು ಬಂದಿಳಿದದ್ದು ತನ್ನ ಪುಸ್ತಕದಲ್ಲಿ ‘ಹಿನೌರ್’ ಎಂದು ಕರೆದಿರುವ ನಮ್ಮ ಹೊನ್ನಾವರಕ್ಕೆ.

ಆಗ ವಿಜಯನಗರಕ್ಕೆ ಇನ್ನೂ ಹತ್ತು ವರ್ಷ ತುಂಬಿರಲಿಲ್ಲ. ಹೊನ್ನಾವರವನ್ನು ಆಳುತ್ತಿದ್ದವನು ಜಮಾಲುದ್ದೀನ್ ಮುಹಮ್ಮದ್ ಎಂಬ ಸುಲ್ತಾನ. ಅವನ ಮೇಲೊಬ್ಬ ದೊಡ್ಡ ರಾಜನಿದ್ದ, ಹೆಸರು ‘ಹರ್ಯಬ್’ ಎಂದು ಇಬ್ನ್ ಬತೂತ ಬರೆಯುತ್ತಾನೆ. ಅದು ಹರಿಹರನೇ ಎಂದು ಇತಿಹಾಸಕಾರರು ಗುರುತಿಸುತ್ತಾರೆ. ಜಮಾಲುದ್ದೀನನ ಬಲವಿದ್ದದ್ದು ಹಡಗುಗಳಲ್ಲಿ. ಅವನಿಗೆ ಹೆದರಿ ಮಲಬಾರಿನವರು ವರ್ಷಕ್ಕೆ ಇಂತಿಷ್ಟು ಎಂದು ಹಣ ಕೊಡುತ್ತಿದ್ದರಂತೆ.

ಆ ಸುಲ್ತಾನನ ಮನೆಯ ಊಟದ ವರ್ಣನೆ ಓದಿದರೆ ನಮ್ಮ ಕಡೆಯವರಿಗೆ ನಗು ಬರುತ್ತದೆ. ಎದುರಿಗೆ ತಾಮ್ರದ ಹರಿವಾಣ. ರೇಷ್ಮೆ ಉಟ್ಟ ದಾಸಿ ಸೌಟಿನಲ್ಲಿ ಅನ್ನ ಬಡಿಸಿ ಮೇಲೆ ತುಪ್ಪ ಹಾಕುತ್ತಾಳೆ. ಬದಿಗೆ ಕಾಳುಮೆಣಸಿನ ಗೊಂಚಲಿನ ಉಪ್ಪಿನಕಾಯಿ, ಹಸಿಶುಂಠಿ, ಲಿಂಬೆ, ಮಾವಿನಕಾಯಿ. ಒಂದು ತುತ್ತು ಅನ್ನ, ಅದರ ಹಿಂದೆ ಒಂದು ಚೂರು ಉಪ್ಪಿನಕಾಯಿ. ಆಮೇಲೆ ಕೋಳಿ, ಮತ್ತೆ ಅನ್ನ. ಮೀನು, ಮತ್ತೆ ಅನ್ನ. ತುಪ್ಪದಲ್ಲಿ ಬೇಯಿಸಿದ ತರಕಾರಿ, ಮತ್ತೆ ಅನ್ನ. ಕೊನೆಗೆ ಮೊಸರು. ಅದು ಬಂತೆಂದರೆ ಊಟ ಮುಗಿಯಿತು ಎಂದು ತಿಳಿಯಬೇಕು ಎನ್ನುತ್ತಾನೆ. ನಮ್ಮಲ್ಲಿ ಮಜ್ಜಿಗೆ ಬಡಿಸಲು ಬಂದವರನ್ನು ಕಂಡರೆ ಈಗಲೂ ಅರ್ಥ ಅದೇ. ರೊಟ್ಟಿ ತಿಂದು ಬೆಳೆದ ಅವನಿಗೆ ಮಾತ್ರ ಇದು ಕಷ್ಟವಾಯಿತು. ಇನ್ನೊಮ್ಮೆ ಬಂದಾಗ ಹನ್ನೊಂದು ತಿಂಗಳು ಬರೀ ಅನ್ನದ ಮೇಲೆ ಇದ್ದೆನೆಂದೂ, ಮಲಬಾರು, ಸಿಂಹಳ, ಮಾಲ್ಡೀವ್ಸ್ ಸೇರಿ ಮೂರು ವರ್ಷ ಅನ್ನವೇ ಗತಿಯಾಗಿ ನೀರು ಕುಡಿಯದೆ ಅದು ಗಂಟಲಲ್ಲಿ ಇಳಿಯುತ್ತಿರಲಿಲ್ಲವೆಂದೂ ದೂರುತ್ತಾನೆ.

ಹೊನ್ನಾವರದ ಬಗ್ಗೆ ಅವನು ಹೇಳಿದ ಇನ್ನೊಂದು ಮಾತು ಹೆಚ್ಚು ಪ್ರಸಿದ್ಧ. ಈ ಊರಿನಲ್ಲಿ ಹೆಣ್ಣುಮಕ್ಕಳಿಗೆ 13 ಶಾಲೆ, ಗಂಡುಮಕ್ಕಳಿಗೆ 23 ಶಾಲೆ ಕಂಡೆ, ಇಂಥದ್ದನ್ನು ಬೇರೆಲ್ಲೂ ಕಂಡಿಲ್ಲ ಎನ್ನುತ್ತಾನೆ. ಅವನು ಕಂಡ ಹೆಂಗಸರು ಮೂಗುತಿ ಇಟ್ಟು, ಹೊಲಿಯದ ಬಟ್ಟೆಯ ಒಂದು ತುದಿಯನ್ನು ಸೊಂಟಕ್ಕೆ ಸುತ್ತಿ, ಉಳಿದದ್ದನ್ನು ತಲೆ, ಎದೆಯ ಮೇಲೆ ಹೊದೆಯುತ್ತಿದ್ದರು. ಎಲ್ಲರಿಗೂ ಕುರಾನ್ ಬಾಯಿಪಾಠವಾಗಿತ್ತು. ಊರಿನ ಮುಸ್ಲಿಮರು ಶಾಫಿ ಪಂಥದವರು ಎಂದೂ ಬರೆದಿದ್ದಾನೆ. ಭಟ್ಕಳದ ನವಾಯತರು ಇಂದಿಗೂ ಅದೇ ಪಂಥದವರು.

ಚೀನಾ ಪ್ರಯಾಣ ಮಾತ್ರ ಕಲ್ಲಿಕೋಟೆಯಲ್ಲೇ ಕೆಟ್ಟಿತು. ಬಿರುಗಾಳಿಗೆ ಸಿಕ್ಕು ಸುಲ್ತಾನನ ಉಡುಗೊರೆಗಳಿದ್ದ ಹಡಗು ಒಡೆಯಿತು. ಬರಿಗೈಲಿ ದೆಹಲಿಗೆ ಹೋದರೆ ತಲೆ ಉಳಿಯದೆಂದು ಅವನು ಹೊನ್ನಾವರಕ್ಕೆ ಮರಳಿದ. ಜಮಾಲುದ್ದೀನ್ 52 ಹಡಗು ಕಟ್ಟಿಕೊಂಡು ಗೋವೆಯ ಮೇಲೆ ಏರಿಹೋದಾಗ ಇವನೂ ಜೊತೆಗಿದ್ದ. ಗೆದ್ದ ಊರನ್ನು ಎದುರಾಳಿಗಳು ಮತ್ತೆ ಮುತ್ತಿದಾಗ ಅಲ್ಲಿಂದ ಜಾರಿಕೊಂಡು, ಕಲ್ಲಿಕೋಟೆಗೆ ಹೋಗಿ, ಹತ್ತು ದಿನ ಕಡಲಲ್ಲಿ ಸಾಗಿ ಮಾಲ್ಡೀವ್ಸ್ ತಲುಪಿದ.

ಅಲ್ಲಿ ಕಂಡದ್ದು ಬೇರೆಯೇ ಲೋಕ. ಉಂಗುರದಂತೆ ಸುತ್ತುಗಟ್ಟಿದ ಹವಳದ ದ್ವೀಪಗಳು. ದೂರದ ಪೆಸಿಫಿಕ್ ಸಾಗರದ ಟುವಾಲು, ಕಿರಿಬಾಟಿಯಂಥ ದ್ವೀಪರಾಷ್ಟ್ರಗಳನ್ನು ವಿವರಿಸಲು ಜಗತ್ತು ಇಂದು ಬಳಸುವ ‘ಅಟೋಲ್’ ಎಂಬ ಪದ ಬಂದದ್ದು ಮಾಲ್ಡೀವ್ಸಿನ ದಿವೇಹಿ ಭಾಷೆಯಿಂದಲೇ. ಆಳುತ್ತಿದ್ದವಳು ಖದೀಜಾ ಎಂಬ ರಾಣಿ. ಭತ್ತ ಬೆಳೆಯದ ನೆಲ. ತೆಂಗು, ಮೀನು, ಕವಡೆಯೇ ಸಂಪತ್ತು. ಕವಡೆಯನ್ನು ಕಡಲಿನಿಂದ ತೆಗೆದು, ಒಳಗಿನ ಮಾಂಸ ಕೊಳೆತುಹೋಗುವ ತನಕ ಗುಂಡಿಯಲ್ಲಿ ಹಾಕಿಟ್ಟು, ಬಿಳಿ ಚಿಪ್ಪನ್ನು ಬಂಗಾಳದವರಿಗೆ ಕೊಟ್ಟು ಅಕ್ಕಿ ತರುತ್ತಿದ್ದರು. ಬಂಗಾಳದಲ್ಲಿ ಅದೇ ಚಿಲ್ಲರೆ ಹಣ. ಒಣಮೀನು ಹೊರದೇಶಗಳಿಗೆ ಹೋಗುತ್ತಿತ್ತು. ತೆಂಗಿನ ಕತ್ತವನ್ನು ಕೊಳೆಹಾಕಿ, ಬಡಿದು, ಹೆಂಗಸರು ಹೊಸೆದ ಹಗ್ಗಕ್ಕೆ ಭಾರತ, ಯೆಮನ್, ಚೀನಾದವರೆಗೂ ಬೇಡಿಕೆ. ಆ ಹಗ್ಗದಿಂದಲೇ ಹಡಗಿನ ಹಲಗೆಗಳನ್ನು ಹೊಲಿಯುತ್ತಿದ್ದರು. ಮೊಳೆ ಹೊಡೆದ ಹಡಗು ಬಂಡೆಗೆ ತಾಗಿದರೆ ಒಡೆಯುತ್ತದೆ, ಹೊಲಿದದ್ದು ಬಾಗಿ ತಡೆದುಕೊಳ್ಳುತ್ತದೆ ಎಂದು ಅವನೇ ಕಾರಣ ಕೊಡುತ್ತಾನೆ. ಯಂತ್ರದ ಬೋಟುಗಳು ಬರುವ ಮುಂಚೆ ನಮ್ಮ ಕರಾವಳಿಯ ರಂಪಣಿ ದೋಣಿಗಳಿಗೂ ಹಗ್ಗದ ಹೊಲಿಗೆಯೇ ಇತ್ತು.

ಮಾಲ್ಡೀವ್ಸಿನವರು ಅವನನ್ನು ಕಾಜಿಯನ್ನಾಗಿ ಮಾಡಿದರು. ಅವನು ಕಟ್ಟುನಿಟ್ಟು ಶುರುಮಾಡಿದ. ಶುಕ್ರವಾರದ ನಮಾಜಿಗೆ ಬಾರದವರಿಗೆ ಹೊಡೆತ. ಕಳ್ಳನೊಬ್ಬನ ಕೈ ಕಡಿಯಲು ಹೇಳಿದಾಗ ಸಭೆಯಲ್ಲಿದ್ದ ಕೆಲವರು ಮೂರ್ಛೆ ಹೋದರಂತೆ. ಅಲ್ಲಿನ ಹೆಂಗಸರು ಸೊಂಟದ ಕೆಳಗೆ ಮಾತ್ರ ಬಟ್ಟೆ ಉಡುತ್ತಿದ್ದರು. ಮೈ ಪೂರ್ತಿ ಮುಚ್ಚಬೇಕೆಂದು ಆಜ್ಞೆ ಮಾಡಿದ, ನಡೆಯಲಿಲ್ಲ. ತನ್ನ ನ್ಯಾಯಸ್ಥಾನಕ್ಕೆ ಬರುವವರಷ್ಟೇ ಹೊದ್ದು ಬಂದರು, ಅದಕ್ಕಿಂತ ಹೆಚ್ಚು ಸಾಧ್ಯವಾಗಲಿಲ್ಲ ಎಂದು ಒಪ್ಪಿಕೊಳ್ಳುತ್ತಾನೆ. ಮದುವೆಗಳನ್ನೂ ಮಾಡಿಕೊಂಡ, ವಜೀರನ ಜೊತೆ ಜಗಳವನ್ನೂ ಮಾಡಿಕೊಂಡ, 1344ರಲ್ಲಿ ಹೊರಟ.

ಇದನ್ನು ಓದುವಾಗ ನಮಗೆ ಕಾಣುವುದು ಇಷ್ಟು: ಹೊನ್ನಾವರದ ಹೆಂಗಸರನ್ನು ಹೊಗಳಿದ್ದೂ ಮಾಲ್ಡೀವ್ಸಿನ ಹೆಂಗಸರನ್ನು ತಿದ್ದಲು ಹೋದದ್ದೂ ಒಂದೇ ಕಣ್ಣು. ತನ್ನ ಅಳತೆಗೋಲಿಗೆ ಸರಿಹೊಂದಿದ ಊರು ಒಳ್ಳೆಯದು, ಹೊಂದದ್ದು ತಿದ್ದಬೇಕಾದದ್ದು. ‘ನೋಡಿ, ನಮ್ಮೂರಲ್ಲಿ ಆಗಲೇ ಹೆಣ್ಣುಮಕ್ಕಳಿಗೆ 13 ಶಾಲೆ’ ಎಂದು ಹೆಮ್ಮೆಪಡುವಾಗ ಈ ಇನ್ನೊಂದು ಪುಟವನ್ನೂ ನೆನಪಿಡಬೇಕು. ಶಾಲೆಯ ಲೆಕ್ಕ ಸುಳ್ಳೆಂದು ನಾವು ಹೇಳುತ್ತಿಲ್ಲ. ಅವನು ಎಣಿಸಿದ್ದು ಬಂದರಿನ ಊರಿನ, ತನ್ನ ಮತದವರ ಓಣಿಗಳನ್ನು.

ಅವನು ಎಣಿಸದ್ದು ಇನ್ನೂ ಇದೆ. ಈ ಊರಿನವರಿಗೆ ಬೇಸಾಯದ ನೆಲವಿಲ್ಲ, ಸಮುದ್ರ ವ್ಯಾಪಾರದಿಂದಲೇ ಬದುಕು ಎಂದು ಬರೆಯುತ್ತಾನೆ. ಆದರೆ ಅವನ ಹರಿವಾಣಕ್ಕೆ ಬಿದ್ದ ಕಾಳುಮೆಣಸು ಕಡಲಲ್ಲಿ ಬೆಳೆದದ್ದಲ್ಲ. ಅಳಿವೆಯಿಂದ ಶರಾವತಿಯ ದಂಡೆ ಹಿಡಿದು ಗೇರುಸೊಪ್ಪೆಯ ಕಡೆ ಹೋದರೆ ಘಟ್ಟದ ಬುಡದಲ್ಲಿ ಮೆಣಸಿನ ಸೀಮೆಯೇ ಇದೆ. ಮುಂದೆ ಪೋರ್ಚುಗೀಸರು ಗೇರುಸೊಪ್ಪೆಯ ಚೆನ್ನಭೈರಾದೇವಿಯನ್ನು ಮೆಣಸಿನ ರಾಣಿ ಎಂದು ಕರೆದದ್ದು ಈ ಸೀಮೆಯ ಮೆಣಸಿಗಾಗಿಯೇ. ಹಡಗು ಇಳಿದು ಸುಲ್ತಾನನ ಮನೆಗೆ ಹೋದವನ ಬರಹದಲ್ಲಿ ಆ ಮೆಣಸು ಕೊಯ್ದವರಿಲ್ಲ, ಮೀನು ಒಣಗಿಸಿದವರಿಲ್ಲ.

ಅವನು ಎಲ್ಲವನ್ನೂ ಕಳೆದುಕೊಂಡದ್ದೂ ನಮ್ಮ ಕಡಲಲ್ಲೇ. ಸಿಂಹಳ, ಮಧುರೆ ಸುತ್ತಿ, ಕೊಲ್ಲಂನಿಂದ ಮತ್ತೆ ಜಮಾಲುದ್ದೀನನನ್ನು ಕಾಣಲು ಬರುತ್ತಿದ್ದಾಗ, ಹೊನ್ನಾವರ ಮತ್ತು ಬಾರ್ಕೂರಿನ ನಡುವಿನ ಪುಟ್ಟ ದ್ವೀಪವೊಂದರ ಹತ್ತಿರ ಹನ್ನೆರಡು ಹಡಗುಗಳ ಕಡಲುಗಳ್ಳರು ಮುತ್ತಿದರು. ಸಿಂಹಳದ ರಾಜ ಕೊಟ್ಟ ರತ್ನಗಳು, ಬಟ್ಟೆಬರೆ, ಎಲ್ಲ ಹೋಯಿತು. ಬುಖಾರಾದ ವಿದ್ವಾಂಸರ ಗೋರಿಗಳ ಮೇಲಿನ ಬರಹಗಳನ್ನು ನಕಲು ಮಾಡಿಟ್ಟುಕೊಂಡಿದ್ದೆ, ಅವೂ ಭಾರತದ ಕಡಲಿನಲ್ಲಿ ದೋಚಿಹೋದವು ಎಂದು ಪುಸ್ತಕದ ಬೇರೊಂದು ಕಡೆ ಹಳಹಳಿಸುತ್ತಾನೆ. ಆ ದ್ವೀಪಕ್ಕೆ ಅವನು ಹೆಸರು ಕೊಟ್ಟಿಲ್ಲ. ಈ ಎರಡು ಊರುಗಳ ನಡುವೆ ಮುರುಡೇಶ್ವರದ ತೀರದಲ್ಲಿ ನಿಂತರೆ ಇಂದು ಕಣ್ಣಿಗೆ ಬೀಳುವುದು ನೇತ್ರಾಣಿ. ಸ್ಕೂಬಾ ಡೈವಿಂಗ್‌ಗೆಂದು ಪ್ರವಾಸಿಗರು ಹೋಗುವ ಜಾಗ.

ಚಲ್ಲಣವೊಂದರಲ್ಲಿ ಕಲ್ಲಿಕೋಟೆಗೆ ಮರಳಿದವನಿಗೆ ಅಲ್ಲಿನವರು ಅಂಗಿ, ಮುಂಡಾಸು ಕೊಟ್ಟರು. ಮಾಲ್ಡೀವ್ಸಿನಲ್ಲಿ ಬಿಟ್ಟುಬಂದ ಹೆಂಡತಿಗೆ ಗಂಡುಮಗು ಹುಟ್ಟಿದ ಸುದ್ದಿಯೂ ಬಂತು. ಮತ್ತೆ ಅಲ್ಲಿಗೆ ಹೋದ, ಎರಡು ವರ್ಷದ ಮಗನನ್ನು ಕಂಡ, ತಾಯಿಯ ಬಳಿಯೇ ಬಿಟ್ಟು ಹೊರಟುಬಿಟ್ಟ. ಹತ್ತು ವರ್ಷದ ಮೇಲೆ, 1355ರಲ್ಲಿ, ಮೊರಾಕ್ಕೊದ ಫೆಜ್‌ನಲ್ಲಿ ಕುಳಿತು ಇದನ್ನೆಲ್ಲ ಇಬ್ನ್ ಜುಝಯ್ಯ್ ಎಂಬ ಬರಹಗಾರನಿಗೆ ಹೇಳಿ ಬರೆಸಿದ. ಹದಿನಾಲ್ಕನೆಯ ಶತಮಾನದ ಹೊನ್ನಾವರದ ಬಗ್ಗೆ ನಮ್ಮ ಕೈಯಲ್ಲಿರುವ ಜೀವಂತ ಚಿತ್ರ ಹೀಗೆ ಒಬ್ಬ ಪರದೇಶಿಯ ನೆನಪಿನಿಂದ ಬಂದದ್ದು.

ಹೊನ್ನಾವರದ ಅಳಿವೆಯ ಆಚೆ ದಡದಲ್ಲಿ ಕಾಸರಕೋಡಿನ ಟೊಂಕವಿದೆ. ಅಲ್ಲಿ ಮರಳ ಮೇಲೆ ಮೀನು ಒಣಗಿಸಿ ಮಾರುವ ಹೆಂಗಸರಿದ್ದಾರೆ. ಖಾಸಗಿ ಬಂದರು ಯೋಜನೆಯ ವಿರುದ್ಧ ಅಲ್ಲಿಯ ಮೀನುಗಾರರು ವರ್ಷಗಳಿಂದ ಹೋರಾಡುತ್ತಿದ್ದಾರೆ. ಪತ್ರಿಕೋದ್ಯಮ ಕಲಿತು ಅಂಥ ಊರುಗಳಿಗೆ ಹೋಗುವ ನಾವೂ ಸಾಮಾನ್ಯವಾಗಿ ಮಾಡುವುದು ಇಬ್ನ್ ಬತೂತನ ಕೆಲಸವನ್ನೇ. ಬೆಳಿಗ್ಗೆ ಬಸ್ಸಿಳಿದು, ಮುಖಂಡರ ಮನೆಯಲ್ಲಿ ಚಾ ಕುಡಿದು, ಅವರು ತೋರಿಸಿದ್ದನ್ನು ಬರೆದು, ಸಂಜೆ ಬಸ್ಸಿಗೆ ವಾಪಸು. ಅವನಾದರೂ ಹನ್ನೊಂದು ತಿಂಗಳು ಉಳಿದಿದ್ದ. ಉಂಡದ್ದನ್ನು ಒಂದೂ ಬಿಡದೆ ಬರೆದ, ಆಗದೆ ಹೋದದ್ದನ್ನು ಆಗಲಿಲ್ಲ ಎಂದೇ ಬರೆದ. ಅದಕ್ಕಾಗಿಯೇ ಅವನು ನೋಡದೆ ಬಿಟ್ಟ ಮೆಣಸಿನ ತೋಟವನ್ನೂ ಅವನ ಹರಿವಾಣದಿಂದಲೇ ಹುಡುಕಿ ತೆಗೆಯಲು ಇಂದು ನಮಗೆ ಆಗುತ್ತಿದೆ.