ಹೆಸರು ಕಳೆದ ಚಿತ್ರಪಟಗಳು

ಮನುಷ್ಯರು ತಮ್ಮ ಮುಖವನ್ನು ಚಿತ್ರಿಸಿಕೊಳ್ಳುವುದು ನೆನಪು ಉಳಿಯಲೆಂದೇ ಅಲ್ಲವೆ? ಆದರೆ ಮುಖವು ಉಳಿದು ಹೆಸರು ಅಳಿಯುವುದೂ ಉಂಟು.

ಇಟಲಿಯ ಲಿಯೊನಾರ್ಡೊ ದಾ ವಿಂಚಿಯು 1490ರ ಸುಮಾರಿನಲ್ಲಿ ಚೆಚಿಲಿಯಾ ಗಲ್ಲೆರಾನಿ ಎಂಬ ತರುಣಿಯನ್ನು, ಬಿಳಿಯ ಪ್ರಾಣಿಯೊಂದನ್ನು ತೋಳಿನಲ್ಲಿ ಹಿಡಿದಿರುವಂತೆ ಚಿತ್ರಿಸಿದನು. ಮುನ್ನೂರು ವರ್ಷಗಳ ತರುವಾಯ ಪೋಲೆಂಡಿನ ಚಾರ್ತೊರಿಸ್ಕಿ ಮನೆತನವು ಆ ಪಟವನ್ನು ಕೊಂಡಿತು. ಪಟದ ಮೂಲೆಯಲ್ಲಿ ಬೇರೊಬ್ಬಳ ಹೆಸರು ಸೇರಿತು. ಆ ತಪ್ಪು ಬರಹವು ಇಂದಿಗೂ ಅಲ್ಲಿಯೇ ಇದೆ.

ನಮ್ಮ ಮೈಸೂರಿನ ಪಟವೊಂದಕ್ಕೂ ಇದೇ ಗತಿಯಾಯಿತು. ಐರ್ಲೆಂಡಿನ ತಾಮಸ್ ಹಿಕ್ಕಿಯು 1805ರಲ್ಲಿ ಚಿತ್ರಿಸಿದ ಮೂವರು ಸ್ತ್ರೀಯರನ್ನು ಬಹುಕಾಲ ನರ್ತಕಿಯರೆಂದು ಭಾವಿಸಿದ್ದರು. ಪಟವು 2007ರಲ್ಲಿ ಸಾದಬೀಸ್ ಹರಾಜಿಗೆ ಬಂದಿತು. ಇವರು ಮುಮ್ಮಡಿ ಕೃಷ್ಣರಾಜ ಒಡೆಯರ ಇಬ್ಬರು ರಾಣಿಯರೂ ಅಜ್ಜಿ ಲಕ್ಷ್ಮಮ್ಮಣ್ಣಿಯವರೂ ಆಗಿರಬೇಕೆಂದು ಚರಿತ್ರಕಾರ ನೈಜೆಲ್ ಚಾನ್ಸೆಲರ್ ಅವರ ಮತ. ಬಲಬದಿಯ ರಾಣಿಯು ಸೆರಗನ್ನು ಸರಿಸಿ ತೋಳನ್ನು ತೋರಿಸುತ್ತಿರುವುದು, ಆಗ ಹೊಸದಾಗಿ ಬಂದಿದ್ದ ಸಿಡುಬಿನ ದೇವಿಯನ್ನು ತಾನು ಹಾಕಿಸಿಕೊಂಡುದನ್ನು ಪ್ರಜೆಗಳಿಗೆ ತಿಳಿಸಿ ಧೈರ್ಯ ಹೇಳುವುದಕ್ಕಂತೆ. ಹೆಸರಿನೊಡನೆ ಎಂತಹ ಅರ್ಥವು ಮರೆಯಾಗಿದ್ದಿತು!

ಇದ್ದ ಕಡೆಯಲ್ಲಿಯೇ ಉಳಿದ ವಸ್ತುವಿನ ಭಾಗ್ಯವೇ ಬೇರೆ. 1791ರ ಮರಾಠರ ಸೂರೆಯ ತರುವಾಯ ಟಿಪ್ಪು ಸುಲ್ತಾನನು ಜಗದ್ಗುರುಗಳಿಗೆ ಬರೆದ ಕಾಗದಗಳು ಶೃಂಗೇರಿಯಲ್ಲಿಯೇ ಇದ್ದುವು. 1916ರಲ್ಲಿ ಆರ್. ನರಸಿಂಹಾಚಾರ್ಯರು ಅವುಗಳನ್ನು ಬೆಳಕಿಗೆ ತಂದಾಗ, ಬರೆದವರಾರು, ಯಾರಿಗೆ ಎಂಬ ಸಂದೇಹವೇ ಹುಟ್ಟಲಿಲ್ಲ.

ಕೊಪ್ಪ, ನರಸಿಂಹರಾಜಪುರಗಳ ಹಳೆಯ ಮನೆಗಳಲ್ಲಿ ಹಿರಿಯರ ಪಟಗಳಿದ್ದರೆ, ಹೇಳಬಲ್ಲವರು ಇರುವಾಗಲೇ ಅವುಗಳ ಹಿಂಬದಿಯಲ್ಲಿ ಹೆಸರನ್ನೂ ವರ್ಷವನ್ನೂ ಬರೆದಿಡೋಣ. ಅರಸರ ಮನೆಯವರಿಗೇ ಒದಗಿದ ಮರೆವು ನಮ್ಮ ಮನೆಯನ್ನು ಬಿಟ್ಟೀತೆ?