ಹೆಪ್ಪುಗಟ್ಟದ ನೆತ್ತರಿನ ಕಥೆ

ಹಾಲು ಹೆಪ್ಪು ಹಾಕಿದರೆ ಮೊಸರಾಗುತ್ತದೆ. ಗಾಯದಿಂದ ಸುರಿದ ನೆತ್ತರು ಯಾರೂ ಹೆಪ್ಪು ಹಾಕದೆಯೇ ಹೆಪ್ಪುಗಟ್ಟುತ್ತದೆ. ಎರಡಕ್ಕೂ ಒಂದೇ ಮಾತನ್ನು ಬಳಸಿದ ನಮ್ಮ ಹಿರಿಯರ ಕಣ್ಣು ಸೂಕ್ಷ್ಮವಾದುದು. ಆದರೆ ಈಚೆಗೆ ಕಿವಿಗೆ ಬೀಳುತ್ತಿರುವ 'ರಕ್ತ ತೆಳುಮಾಡುವ ಮದ್ದು' ಎಂಬ ಮಾತು ಅಷ್ಟು ಸಾಧುವಲ್ಲ. ಆ ಮದ್ದು ರಕ್ತವನ್ನು ನೀರಾಗಿಸುವುದಿಲ್ಲ; ಹೆಪ್ಪುಗಟ್ಟುವುದನ್ನು ತಡೆಯುತ್ತದೆ, ಅಷ್ಟೆ. ಈ ಭೇದವನ್ನು ಅದರ ಚರಿತ್ರೆಯಿಂದಲೇ ಅರಿಯಬಹುದು.

ಅಮೆರಿಕದ ಬಾಲ್ಟಿಮೋರಿನಲ್ಲಿ ೧೯೧೬ರಲ್ಲಿ ಜೇ ಮೆಕ್ಲೀನ್ ಎಂಬ ವೈದ್ಯವಿದ್ಯಾರ್ಥಿಯು ರಕ್ತವನ್ನು ಹೆಪ್ಪುಗಟ್ಟಿಸುವ ವಸ್ತುವನ್ನು ಅರಸುತ್ತಿದ್ದನು. ನಾಯಿಯ ಯಕೃತ್ತಿನ ಸಾರದಲ್ಲಿ ಅವನಿಗೆ ದೊರೆತುದು ಅದಕ್ಕೆ ವಿರುದ್ಧವಾದ ಗುಣ! ಅವನ ಗುರುಗಳಾದ ಹೋವೆಲ್ಲರು ಮುಂದೆ 'ಹೆಪಾರಿನ್' ಎಂಬ ಹೆಸರನ್ನು ರೂಢಿಗೆ ತಂದರು. ಗ್ರೀಕರ 'ಹೆಪಾರ್' ಎಂದರೆ ಯಕೃತ್ತು. ನಮ್ಮ ಹೆಪ್ಪಿಗೂ ಅದಕ್ಕೂ ನಂಟಿಲ್ಲ.

ಎರಡನೆಯ ಮದ್ದು ಬಂದುದು ಕೊಟ್ಟಿಗೆಯಿಂದ. ೧೯೨೦ರ ದಶಕದಲ್ಲಿ ಉತ್ತರ ಅಮೆರಿಕದ ದನಗಳು ಬೂಷ್ಟು ಹಿಡಿದ ಸ್ವೀಟ್ ಕ್ಲೋವರ್ ಮೇವನ್ನು ತಿಂದು, ನೆತ್ತರು ನಿಲ್ಲದೆ ಸಾಯತೊಡಗಿದವು. ೧೯೩೩ರ ಫೆಬ್ರವರಿಯಲ್ಲಿ ವಿಸ್ಕಾನ್ಸಿನ್ನಿನ ರೈತ ಎಡ್ ಕಾರ್ಲ್‌ಸನ್ ಹಿಮದ ಬಿರುಗಾಳಿಯಲ್ಲಿ ಸತ್ತ ಕಡಸನ್ನೂ ಹೆಪ್ಪುಗಟ್ಟದ ರಕ್ತ ತುಂಬಿದ ಹಾಲಿನ ಕ್ಯಾನನ್ನೂ ಹೊತ್ತು ರಸಾಯನಶಾಸ್ತ್ರಜ್ಞ ಕಾರ್ಲ್ ಲಿಂಕರ ಬಳಿಗೆ ಬಂದನು. ಆರು ವರ್ಷಗಳ ಶ್ರಮದ ಬಳಿಕ, ೧೯೩೯ರಲ್ಲಿ, ಆ ಮೇವಿನಿಂದ ಡೈಕೂಮರಾಲ್ ಎಂಬ ವಿಷದ ಹರಳು ದೊರೆಯಿತು. ಅದರ ಬಳಗದ ವಾರ್ಫರಿನ್ ೧೯೪೮ರಲ್ಲಿ ಇಲಿ ಪಾಷಾಣವಾಗಿ ಮಾರಾಟಕ್ಕೆ ಬಂದು, ೧೯೫೪ರಲ್ಲಿ ಮನುಷ್ಯರ ಮದ್ದಾಯಿತು. ಯಕೃತ್ತು ಹೆಪ್ಪಿನ ಕೆಲವು ಪ್ರೋಟೀನುಗಳನ್ನು ಸಜ್ಜುಗೊಳಿಸಲು ಕೆ ಜೀವಸತ್ವ ಬೇಕು. ವಾರ್ಫರಿನ್ ಅದಕ್ಕೆ ಅಡ್ಡಬರುತ್ತದೆ.

ಇನ್ನು ಕಿರುನಾಳಗಳ ವಿಷಯ. ಕೆಂಪು ಕಣದ ಅಗಲ ಏಳೆಂಟು ಮೈಕ್ರಾನು. ಲೋಮನಾಳವೂ ಹೆಚ್ಚುಕಡಿಮೆ ಅಷ್ಟೇ ಕಿರಿದು. ಹರಿವು ನಿಧಾನವಾದರೆ ಕಣಗಳು ನಾಣ್ಯಗಳಂತೆ ಒಂದರ ಮೇಲೊಂದು ಅಂಟಿಕೊಳ್ಳುತ್ತವೆ. ಹೀಗೆ ಮುದ್ದೆಗಟ್ಟಿದ ರಕ್ತವನ್ನು ರೋಗಿಗಳ ಕಣ್ಣಿನ ಬಿಳಿಭಾಗದ ನಾಳಗಳಲ್ಲಿ ಸೂಕ್ಷ್ಮದರ್ಶಕದಿಂದ ಕಂಡು, ನೈಸ್ಲಿ ಎಂಬವರೂ ಅವರ ಸಂಗಡಿಗರೂ ೧೯೪೭ರಲ್ಲಿ ಪ್ರಕಟಿಸಿದರು. ಆದರೆ ಗುಂಪುಗೂಡುವುದೇ ಬೇರೆ, ಹೆಪ್ಪುಗಟ್ಟುವುದೇ ಬೇರೆ. ಹೆಪ್ಪೆಂದರೆ ಫೈಬ್ರಿನ್ ನೂಲಿನ ಬಲೆ. ಹೆಪಾರಿನ್, ವಾರ್ಫರಿನ್‌ಗಳು ತಡೆಯುವುದು ಈ ಬಲೆಯ ನೇಯ್ಗೆಯನ್ನು. ಪ್ಲೇಟ್‌ಲೆಟ್ಟುಗಳು ಒಂದಕ್ಕೊಂದು ಅಂಟುವುದನ್ನು ತಗ್ಗಿಸಲು ಆಸ್ಪಿರಿನ್ನಿನಂಥ ಬೇರೆ ಮದ್ದೇ ಬೇಕು. ಈಗಾಗಲೇ ಕಟ್ಟಿದ ಹೆಪ್ಪನ್ನು ಇವಾವುವೂ ಕರಗಿಸುವುದಿಲ್ಲ. ಅದು ಬೆಳೆಯದಂತೆ ಕಾಯುತ್ತವೆ, ಕರಗಿಸುವ ಕೆಲಸ ದೇಹದ್ದು.

ಇನ್ನೊಂದು ಸೋಜಿಗವುಂಟು. ಹೆಪ್ಪನ್ನು ಹದದಲ್ಲಿಡುವ 'ಸಿ' ಪ್ರೋಟೀನಿಗೂ ಕೆ ಜೀವಸತ್ವವೇ ಆಧಾರ. ವಾರ್ಫರಿನ್ ಕೊಟ್ಟಾಗ ಅದು ಬೇಗ ಕುಗ್ಗುತ್ತದೆ. ಆದುದರಿಂದ ಮೊದಲ ದಿನಗಳಲ್ಲಿ, ಅಪರೂಪವಾಗಿ, ಚರ್ಮದ ಕಿರುನಾಳಗಳಲ್ಲಿ ರಕ್ತ ಹೆಪ್ಪುಗಟ್ಟಿ ಚರ್ಮವೇ ಸಾಯುವುದುಂಟು. ಹೊಸದಾಗಿ ಹೆಪ್ಪುಗಟ್ಟಿದ ರೋಗಿಗೆ ವೈದ್ಯರು ಆರಂಭದಲ್ಲಿ ಹೆಪಾರಿನ್ನನ್ನೂ ಜೊತೆಗೆ ಕೊಡುವುದಕ್ಕೆ ಇದೂ ಒಂದು ಕಾರಣ.

ಇಂದು ಹೊಸ ಮದ್ದುಗಳು ಬಂದಿದ್ದರೂ ವಾರ್ಫರಿನ್ ಸೇವಿಸುವವರು ಇದ್ದಾರೆ. ಅವರ ರಕ್ತವನ್ನು ಆಗಾಗ ಪರೀಕ್ಷಿಸುವುದೂ, ಸೊಪ್ಪುಸದೆಗಳನ್ನು ಒಂದೇ ಪ್ರಮಾಣದಲ್ಲಿ ತಿನ್ನಿರೆಂದು ಹೇಳುವುದೂ ಬರಿಯ ಕಟ್ಟಳೆಯಲ್ಲ. ಅಳತೆ ಮೀರಿದರೆ ನೆತ್ತರು ಸೋರೀತು. ಕಡಮೆಯಾದರೆ ಹೆಪ್ಪು ಕಟ್ಟೀತು. ತಾನಾಗಿ ಮಾತ್ರೆಯನ್ನು ಹೆಚ್ಚಿಸುವ, ಬಿಡುವ ಮುನ್ನ ಕಾರ್ಲ್‌ಸನ್ನನ ಹಾಲಿನ ಕ್ಯಾನನ್ನು ನೆನೆಯುವುದು ಒಳ್ಳೆಯದು.